ಮಾವನ ಅಂಗೈ ಮತ್ತು ಬೊಂಬೆ ಕಾರ್ಡು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಸೋದರಮಾವ ಅಮೆರಿಕದ ಕಂಪನಿಯೊಂದರ ಪಾಲುದಾರನಾಗದೆ ಉಳಿದದ್ದಕ್ಕೆ ಕಾರಣ ದೇಶದ ಆರ್ಥಿಕ ನೀತಿಯಲ್ಲ, ಬ್ಯಾಂಕಿನವರಲ್ಲ, ಗ್ರಹಚಾರವೂ ಅಲ್ಲ. ನಾನು. ಸರಿಯಾಗಿ ಹೇಳಬೇಕೆಂದರೆ ನನ್ನ ಗಂಟಲು. ಒಂದು ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ನಂಜನಗೂಡಿನ ಕಂಪ್ಯೂಟರ್ ಸೆಂಟರೊಂದರ ಹಿಂದಿನ ಕೋಣೆಯಲ್ಲಿ, ಕೆಟ್ಟ ಕೀಬೋರ್ಡುಗಳ ರಾಶಿಯ ಮೇಲೆ ಕೂತು, ಈ ಗಂಟಲಿನಿಂದ ನಾನು ಹನ್ನೆರಡು ನಿಮಿಷ ಮಾತಾಡಿದೆ. ಅಷ್ಟರಲ್ಲಿ ಮಾವನ ಭವಿಷ್ಯ ಬದಲಾಗಿಹೋಯಿತು. ನನಗೆ ಬೇರೆಯವರ ಧ್ವನಿ ಅನುಕರಿಸುವ ಚಟ. ಕೆಲವರಿಗೆ ನಶ್ಯ, ಕೆಲವರಿಗೆ ಇಸ್ಪೀಟು, ನನಗೆ ಇದು. ಮನೆಗೆ ಬಂದ ಪುರೋಹಿತರು ಬಚ್ಚಲಿನಲ್ಲಿ ಕಾಲು ತೊಳೆಯುತ್ತಿದ್ದರೆ ನಡುಮನೆಯಲ್ಲಿ ಅವರದೇ ಧ್ವನಿಯಲ್ಲಿ ಸಂಕಲ್ಪ ಮುಗಿಸಿದ್ದೇನೆ. ಏಟೂ ತಿಂದಿದ್ದೇನೆ.

ಇನ್ನು ಮಾವನ ವಿಷಯ. ನಮ್ಮ ಮಾವನಿಗೆ ಕಣ್ಣಿದೆ, ಕಿವಿಯಿದೆ, ಆದರೆ ಎರಡೂ ಮುಖದ ಅಂದಕ್ಕೆ ಮಾತ್ರ. ಲೋಕವನ್ನು ಅವನು ತಿಳಿದುಕೊಳ್ಳುವುದು ಅಂಗೈಯಿಂದ. ನಾನು ಮಾವನನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆಂದು ಯಾರೂ ಬೇಸರ ಮಾಡಿಕೊಳ್ಳಬಾರದು. ನಮ್ಮ ಮನೆಯಲ್ಲಿ ಸೋದರಮಾವನಿಗೆ ಬಹುವಚನ ಹಚ್ಚಿದರೆ ಆಸ್ತಿ ಜಗಳ ಶುರುವಾಯಿತೇನೋ ಎಂದು ಎಲ್ಲರೂ ಹೆದರುತ್ತಾರೆ.

ಮಾವನಿಗೆ ಟಿ. ನರಸೀಪುರದಲ್ಲಿ, ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯಲ್ಲಿ ಕೆಲಸ. ಬಾಯ್ಲರ್ ನೋಡಿಕೊಳ್ಳಬೇಕು. ರೇಷ್ಮೆಗೂಡು ಬಿಸಿನೀರಿನಲ್ಲಿ ಬೆಂದರೆ ತಾನೇ ಎಳೆ ಬಿಡುವುದು? ನೀರು ಜಾಸ್ತಿ ಕಾದರೆ ಎಳೆ ಕಡಿಯುತ್ತದೆ, ಕಡಿಮೆಯಾದರೆ ಬರುವುದೇ ಇಲ್ಲ. ಬಾಯ್ಲರಿಗೆ ಗಾಜಿನ ಮೀಟರೂ ಇತ್ತು, ಆದರೆ ಮಾವ ಅದನ್ನು ನೋಡಿದ್ದನ್ನು ಯಾರೂ ನೋಡಿಲ್ಲ. ಕೊಳವೆಯ ಹತ್ತಿರ ಅಂಗೈ ಹಿಡಿದು, ಕಣ್ಣು ಮುಚ್ಚಿ, “ಇನ್ನೆರಡು ಸೌದೆ” ಎನ್ನುತ್ತಿದ್ದ. ಒಮ್ಮೆ ಹೊಸ ಎಂಜಿನಿಯರು ಬಂದು, ಮೀಟರು ಬೇರೆ ಹೇಳುತ್ತಿದೆಯಲ್ಲ ಎಂದು ಗದರಿದರಂತೆ. ಮಾವ, “ಮೀಟರಿಗೆ ಉಸಾರಿಲ್ಲ ಸಾ” ಅಂದ. ಪರೀಕ್ಷೆ ಮಾಡಿಸಿದರು. ಮರುದಿನ ಮೀಟರನ್ನು ಬದಲಾಯಿಸಿದರು, ಮಾವನನ್ನಲ್ಲ.

ಇಪ್ಪತ್ತು ವರ್ಷ ಈ ಕೆಲಸ ಮಾಡಿ ಮಾವ ಒಂದು ಸಿದ್ಧಾಂತಕ್ಕೆ ಬಂದಿದ್ದ. “ಬಿಸಿ ಆಯ್ತಿದ್ರೆ ದುಡೀತಾ ಅದೆ. ತಣ್ಣಗಿದ್ರೆ ಕೂತು ತಿಂತಾ ಅದೆ.” ಇದು ಯಂತ್ರಗಳಿಗೆ ಮಾತ್ರ ಎಂದುಕೊಂಡರೆ ನೀವು ನಮ್ಮ ಮಾವನನ್ನು ನೋಡಿಲ್ಲ. ಒಂದು ಸರ್ಕಾರಿ ಕಚೇರಿಗೆ (ಯಾವುದೆಂದು ಹೇಳುವುದಿಲ್ಲ, ನನಗೂ ಅಲ್ಲಿ ಕೆಲಸ ಬೀಳುತ್ತದೆ) ಹೋಗಿದ್ದೆವು. ಜವಾನ, “ಸಾಹೇಬ್ರು ಈಗ್ ತಾನೇ ಕಾಫಿಗೆ ಹೋದ್ರು, ಬತ್ತಾರೆ ಇರಿ” ಎಂದ. ಮಾವ ಸೀದಾ ಒಳಗೆ ಹೋಗಿ ಸಾಹೇಬರ ಕುರ್ಚಿಯ ಮೇಲೆ ಅಂಗೈ ಇಟ್ಟ. “ಬೆಳಗಿಂದ ಈ ಕುರ್ಚಿ ಮ್ಯಾಲೆ ಯಾರೂ ಕೂತಿಲ್ಲ ಕಣಪ್ಪ. ನಾಳೀಕ್ ಬತ್ತೀವಿ ಬುಡು” ಎಂದು ಹೊರಟುಬಂದ. ಜವಾನ ನಮ್ಮ ಬೆನ್ನನ್ನೇ ನೋಡುತ್ತ ನಿಂತಿದ್ದ.

ನಮ್ಮ ಅಕ್ಕನನ್ನು ನೋಡಲು ಗಂಡಿನವರು ಬಂದ ದಿನವಂತೂ ನಮ್ಮ ಮನೆಯವರೆಲ್ಲ ನೆಲ ಬಿರಿಯಲಿ ಎಂದು ಬೇಡಿಕೊಂಡರು. ಹಿರಿಯರೆಲ್ಲ ಕಾರಿನಲ್ಲಿ ಬಂದಿದ್ದರು, ಹುಡುಗ ಸ್ಕೂಟರಿನಲ್ಲಿ. “ಮೈಸೂರಿಂದ ಡ್ಯೂಟಿ ಮುಗಿಸ್ಕೊಂಡು ಈಗ ತಾನೇ ನೇರವಾಗಿ ಬಂದಿದಾನೆ” ಎಂದು ಅವರ ತಂದೆ ಹೇಳಿದರು. ಮಾವ ಹೊರಗೆ ಹೋದ. ಸ್ಕೂಟರಿನ ಪಕ್ಕದ ಮುಚ್ಚಳ ತೆಗೆದು ಇಂಜಿನ್ನಿಗೆ ಅಂಗೈ ಒತ್ತಿದ. ಒಳಗೆ ಬಂದು ಕೋಸಂಬರಿಯ ತಟ್ಟೆ ಕೈಗೆತ್ತಿಕೊಂಡು, ತುಂಬಿದ ಸಭೆಯಲ್ಲಿ ಹೇಳಿದ:

“ಗಾಡಿ ತಣ್ಣಗದೆ. ಬಂದು ಎರಡು ಗಂಟೆ ಆಗದೆ.”

ಅಪ್ಪ ಕೆಮ್ಮಿದರು. ಅಮ್ಮ ಅಡುಗೆಮನೆಯಲ್ಲಿ ಏನನ್ನೋ ಬೀಳಿಸಿದರು. ಹುಡುಗನ ಮುಖ ಟೊಮೇಟೊ ಆಯಿತು. ತಡವರಿಸುತ್ತ, ಲೇಟಾದರೆ ಚೆನ್ನಾಗಿರುವುದಿಲ್ಲವೆಂದು ಬೇಗ ಹೊರಟು ತೀರಾ ಬೇಗ ಬಂದುಬಿಟ್ಟದ್ದನ್ನೂ, ಒಳಗೆ ಬರಲು ನಾಚಿಕೆಯಾಗಿ ಗಾಡಿಯನ್ನು ಇಲ್ಲೇ ಬಿಟ್ಟು ನಡೆದುಹೋಗಿ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ನಾಲ್ಕು ಕಾಫಿ ಕುಡಿದು ಕೂತಿದ್ದನ್ನೂ ಒಪ್ಪಿಕೊಂಡ. ಮಾವ ಒಂದು ಕ್ಷಣ ಯೋಚಿಸಿ, “ಎರಡು ಗಂಟೆ ಮುಂಚೆ ಬಂದವನೆ ಅಂದ್ರೆ ಆಸೆ ಅದೆ. ಹುಡುಗೀನ ಕೊಡಿ” ಎಂದ. ಕೊಟ್ಟರು. ಭಾವ ಇವತ್ತಿಗೂ ಮಾವನ ಮನೆಗೆ ಹೋಗುವಾಗ ಗಾಡಿಯನ್ನು ಬೀದಿಯ ಕೊನೆಯಲ್ಲೇ ನಿಲ್ಲಿಸಿ ನಡೆದುಹೋಗುತ್ತಾರೆ.

ಇಂಥ ಮಾವ ಕಂಪ್ಯೂಟರಿಗೆ ಬಿದ್ದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಆಗ ನಾನು ಬಿ.ಕಾಂ.ನಲ್ಲಿ ಒಂದು ವಿಷಯವನ್ನು ಬಾಕಿ ಉಳಿಸಿಕೊಂಡು ನಂಜನಗೂಡಿನಲ್ಲಿ ಪರಿಚಿತರೊಬ್ಬರ ಕಂಪ್ಯೂಟರ್ ಸೆಂಟರ್ ನೋಡಿಕೊಳ್ಳುತ್ತಿದ್ದೆ. ಐದು ಕಂಪ್ಯೂಟರು. ಬೆಳಿಗ್ಗೆ ಟೈಪಿಂಗ್ ಕಲಿಸುವುದು, ಮಧ್ಯಾಹ್ನ ಮದುವೆ ಕರೆಯೋಲೆ, ಸಂಜೆ ಕಾರು ಓಡಿಸುವ ಆಟ. ಸಂಸಾರ ನಡೆದದ್ದು ಕಾರಿನಿಂದ. ಮಾವನಿಗೆ ಭಾನುವಾರ ರಜೆ. ನರಸೀಪುರದಿಂದ ಬಸ್ಸು ಹತ್ತಿ ಅತ್ತೆಯ ಜೊತೆ ಬರುತ್ತಿದ್ದ. ಅತ್ತೆ ನಮ್ಮ ಮನೆಗೆ, ಮಾವ ನನ್ನ ಸೆಂಟರಿಗೆ.

ಮೊದಲ ಭಾನುವಾರವೇ ಕಂಪ್ಯೂಟರಿನ ಡಬ್ಬ ಬಿಚ್ಚಿಸಿದ. ಹಸಿರು ಹಲಗೆಯ ಮೇಲೆ ಅಂಗೈ ಆಡಿಸುತ್ತ, “ಇದು ಏನ್ಲಾ? ಇದು? ಇದು ತಣ್ಣಗದೆ, ಇದ್ಯಾಕಿಟ್ಟವ್ರೆ?” ಎಂದು ವಿಚಾರಣೆ ನಡೆಸಿದ. ಕೊನೆಗೆ ಒಂದು ಸಣ್ಣ ಅಡ್ಡ ಹಲಗೆಯ ಬಳಿ ಕೈ ನಿಂತಿತು.

“ಇದು?”

“ಗ್ರಾಫಿಕ್ಸ್ ಕಾರ್ಡು ಮಾವ. ಪರದೆ ಮೇಲಿನ ಚಿತ್ರ ಎಲ್ಲ ಇದೇ ಬಿಡಿಸೋದು.”

“ಆ ಹುಡುಗ್ರು ಕಾರು ಓಡಿಸ್ತಾವ್ರಲ್ಲ, ಆ ಬೊಂಬೆ?”

“ಹೂಂ.”

“ಅಂಗಾದ್ರೆ ಈ ದೊಡ್ಡ ಚಿಪ್ಪು ಏನ್ ಮಾಡ್ತದೆ?”

“ಅದೇ ಯಜಮಾನ. ಉಳಿದೆಲ್ಲ ಲೆಕ್ಕ ಮಾಡೋದು ಅದು.”

ಮಾವ ಎರಡರ ಮೇಲೂ ಒಂದೊಂದು ಕೈ ಹಿಡಿದ, ವೈದ್ಯರು ಎರಡು ಮಕ್ಕಳ ಹಣೆ ಮುಟ್ಟಿ ನೋಡುವ ಹಾಗೆ. “ಯಜಮಾನನಿಗಿಂತ ಇವನೇ ಜಾಸ್ತಿ ದುಡೀತಾವ್ನೆ ಕಣ್ಲಾ ಅಳಿಯ” ಎಂದ. ಅಂದಿನಿಂದ ಗ್ರಾಫಿಕ್ಸ್ ಕಾರ್ಡಿಗೆ ಬೊಂಬೆ ಕಾರ್ಡು ಎಂಬ ಹೆಸರು ನಂಜನಗೂಡಿನ ಮಟ್ಟಿಗೆ ಶಾಶ್ವತವಾಯಿತು. ಮೈಸೂರಿನ ಅಂಗಡಿಗೆ ಹೋಗಿ ನಾನೇ ಒಮ್ಮೆ ಬಾಯಿ ತಪ್ಪಿ, “ಒಂದು ಬೊಂಬೆ ಕಾರ್ಡು ಕೊಡಿ” ಎಂದು ಕೇಳಿದ್ದೇನೆ. ಅಂಗಡಿಯವನು ಪಕ್ಕದ ಗಿಫ್ಟ್ ಸೆಂಟರ್ ತೋರಿಸಿದ.

ಮಾವ ಹಿಡಿದದ್ದನ್ನು ಬಿಡುವವನಲ್ಲ. ಕೆಟ್ಟ ಕಾರ್ಡುಗಳನ್ನೆಲ್ಲ ಕೇಳಿ ತೆಗೆದುಕೊಂಡು, ಮೈಸೂರುಪಾಕಿನ ತಗಡಿನ ಡಬ್ಬದಲ್ಲಿ ಜೋಡಿಸಿಟ್ಟ. ಒಂದೊಂದರ ಬೆನ್ನಿಗೂ ಚೀಟಿ: ಯಾವ ಕಂಪನಿ, ಯಾವಾಗ ಬಂತು, ಎಷ್ಟು ಬಿಸಿಯಾಗುತ್ತಿತ್ತು. ಬಿಸಿಗೆ ಅವನದೇ ಅಳತೆ: ‘ಉಗುರುಬೆಚ್ಚಗೆ’, ‘ಎಣ್ಣೆ ಸ್ನಾನದ ನೀರು’, ‘ಬೇಯುವ ಗೂಡು’, ‘ಮುಟ್ಟಬೇಡ’. ನಾನು ಪತ್ರಿಕೆಗಳಲ್ಲಿ ಓದಿ ಹೇಳಬೇಕು. ಆ ಕಂಪನಿ ಮುಚ್ಚಿತು, ಈ ಕಂಪನಿಯನ್ನು ಇನ್ನೊಬ್ಬರು ಕೊಂಡರು. ಮಾವ ಚೀಟಿಯ ಮೇಲೆ ಒಂದು ಗೀಟು ಹಾಕುತ್ತಿದ್ದ. ವರ್ಷ ಕಳೆದಂತೆ ಕಾರ್ಡುಗಳ ಮೇಲೆ ಮೊದಲು ತಗಡಿನ ರೆಕ್ಕೆ ಬಂತು, ಆಮೇಲೆ ಪುಟ್ಟ ಫ್ಯಾನು, ಆಮೇಲೆ ದೊಡ್ಡ ಫ್ಯಾನು. ಒಂದೊಂದು ಫ್ಯಾನು ಬಂದಾಗಲೂ ಮಾವನಿಗೆ ಸೊಸೆ ಬಸುರಿಯಾದಷ್ಟು ಸಂತೋಷ.

ಒಂದು ಭಾನುವಾರ, “ಇದು ಬೊಂಬೆ ಎಂಗ್ ಬರೀತದೆ, ಬುಡಿಸಿ ಏಳು” ಎಂದು ಕೂತ. ನಾನು ಓದಿದ್ದಷ್ಟನ್ನು ಹೇಳಿದೆ. ಪರದೆ ಎಂದರೆ ಲಕ್ಷಾಂತರ ಚುಕ್ಕಿ. ದೊಡ್ಡ ಚಿಪ್ ಬುದ್ಧಿವಂತ, ಆದರೆ ಒಂದಾದ ಮೇಲೆ ಒಂದು ಕೆಲಸ ಮಾಡುತ್ತದೆ. ಬೊಂಬೆ ಚಿಪ್ ಅಷ್ಟು ಬುದ್ಧಿವಂತನಲ್ಲ, ಆದರೆ ರಾಶಿ ಚುಕ್ಕಿಗಳ ಲೆಕ್ಕವನ್ನು ಒಟ್ಟೊಟ್ಟಿಗೇ ಮಾಡುತ್ತದೆ. ಮಾವ ಕಾರ್ಡಿನ ಮೇಲೆ ಒಮ್ಮೆ ಅಂಗೈ ಆಡಿಸಿದ. ಆಮೇಲೆ ತೊಡೆ ತಟ್ಟಿಕೊಂಡ.

“ನಮ್ಮ ನೂಲು ಸಾಲು ಕಣ್ಲಾ ಇದು! ಮನೇಲಿ ಒಬ್ಬಳು ಜಾಣೆ ಕೂತ್ಕಂಡು ಒಂದು ಎಳೆ ತಗೀತಾಳೆ. ಚೆಂದಾಗೇ ತಗೀತಾಳೆ. ಕಾರ್ಖಾನೇಲಿ ನೂರು ತೊಟ್ಟಿ, ನೂರು ಎಳೆ, ಒಂದೇ ಏಟಿಗೆ. ಯಾರು ಗೆದ್ದೋರು? ಸಣ್ಣ ಸಣ್ಣ ಕೆಲಸ ರಾಶಿ ರಾಶಿ ಒಟ್ಟಿಗೇ ಮಾಡೋದು ಕಲ್ತವ್ನು ಬೊಂಬೆ ಒಂದನ್ನೇ ಬರ್ಕಂಡು ಕೂತಿರ್ತಾನಾ? ನಾಳೀಕೆ ಮಳೆ ಲೆಕ್ಕ ಮಾಡ್ತಾನೆ, ನಾಡಿದ್ದು ಇನ್ನೊಂದು. ಇವನಿಗೆ ಕೆಲಸ ತಪ್ಪಾಕಿಲ್ಲ.”

ಇದನ್ನು ನಮ್ಮ ಮಾವ ಹೇಳಿದ್ದು, ನೆನಪಿಡಿ, ಇಂಗ್ಲಿಷಿನಲ್ಲಿ ತನ್ನ ಹೆಸರಿನ ಎರಡನೆಯ ಅಕ್ಷರದವರೆಗೆ ಮಾತ್ರ ಧೈರ್ಯವಾಗಿ ಬರೆಯುವ ಮಾವ. ನಾನು ಬಿ.ಕಾಂ. ನನಗೆ ಇದು ಹೊಳೆದಿರಲಿಲ್ಲ. ನಾನು ಆ ವಾರವಿಡೀ ಅವನ ಧ್ವನಿಯಲ್ಲಿ “ನೂರು ತೊಟ್ಟಿ, ನೂರು ಎಳೆ” ಎಂದು ಹೇಳಿ ಹುಡುಗರನ್ನು ನಗಿಸಿದೆ. ಹುಡುಗರು ನಕ್ಕರು. ನಾನೂ ನಕ್ಕೆ. ದಡ್ಡರು ಯಾವಾಗಲೂ ಗುಂಪಿನಲ್ಲೇ ನಗುತ್ತಾರೆ.

ಸೆಂಟರಿಗೆ ಕ್ರಿಕೆಟ್ ಸ್ಕೋರ್ ನೋಡಲು ಬರುತ್ತಿದ್ದ ನಿವೃತ್ತ ಕಾಮರ್ಸ್ ಮೇಷ್ಟರೊಬ್ಬರಿದ್ದರು. ನನ್ನ ಬಾಕಿ ವಿಷಯ ಅವರದೇ. ಷೇರು ವ್ಯವಹಾರದಲ್ಲಿ ಪಳಗಿದವರು. ಮಾವ ಅವರನ್ನು ಕೇಳಿದ, “ಮೇಷ್ಟ್ರೇ, ಈ ಬೊಂಬೆ ಕಂಪನಿ ಷೇರು ತಗಂಡು ಇಪ್ಪತ್ತು ವರ್ಷ ಇಟ್ರೆ ಎಂಗೆ?”

ಮೇಷ್ಟರು ಕನ್ನಡಕ ತೆಗೆದು ಒರೆಸಿದರು. ಅವರು ಕನ್ನಡಕ ಒರೆಸಿದರೆ ಒಂದು ಪೀರಿಯಡ್ಡು ಗ್ಯಾರಂಟಿ. “ನೋಡಿ ಯಜಮಾನ್ರೇ, ಇದು ಹುಡುಗರ ಆಟದ ಸಾಮಾನು. ಆರು ತಿಂಗಳಿಗೊಂದು ಹೊಸ ಮಾಡಲ್. ಇವತ್ತು ಇವನು ಮುಂದೆ, ನಾಳೆ ಅವನು. ನಿಮ್ಮ ಡಬ್ಬದಲ್ಲೇ ಎಷ್ಟು ಕಂಪನಿ ಸತ್ತಿವೆ ಎಣಿಸಿ. ಮೇಲಾಗಿ ದೊಡ್ಡ ಚಿಪ್ ಮಾಡೋರು ಒಂದು ದಿನ ಈ ಚಿತ್ರದ ಕೆಲಸನೂ ತಮ್ಮ ಚಿಪ್ಪಿನ ಒಳಗೇ ಸೇರಿಸಿಕೊಂಡುಬಿಡ್ತಾರೆ. ಆಮೇಲೆ ಇವರನ್ನ ಕೇಳೋರು ಯಾರು? ಲಾಂಗ್ ಟರ್ಮ್ ಅಂದ್ರೆ ಸಿಮೆಂಟು, ಸೋಪು, ಬಿಸ್ಕತ್ತು.”

ನನಗೆ ಮಾವ ಸೋತನೆನಿಸಿತು. ಮಾವ ತಗಡಿನ ಡಬ್ಬ ತೆರೆದು ಗೀಟು ಹಾಕಿದ ಕಾರ್ಡುಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟ.

“ಚೀಟಿ ಓದಿ ಮೇಷ್ಟ್ರೇ. ಉಗುರುಬೆಚ್ಚಗೆ. ಉಗುರುಬೆಚ್ಚಗೆ. ಇದೂ ಉಗುರುಬೆಚ್ಚಗೆ. ಸತ್ತವೆಲ್ಲ ತಣ್ಣಗಿದ್ದವೇ. ಹೊಸ ಕೆಲಸ ಮೈಮ್ಯಾಲೆ ಎಳ್ಕಳ್ದೆ ಅಳೇದನ್ನೇ ಮಾರ್ಕಂಡು ಕೂತವು. ಬದುಕಿರೋವು ಎರಡೇ. ಎರಡೂ ‘ಮುಟ್ಟಬೇಡ’. ಇನ್ನು ದೊಡ್ಡೋನು ನುಂಗ್ತಾನೆ ಅಂದ್ರಲ್ಲ, ಇಷ್ಟು ಬಿಸೀನ ಹೊಟ್ಟೇಲಿ ಇಟ್ಕಂಡ್ರೆ ಅವನ ಹೊಟ್ಟೆ ಉಳೀತದಾ?”

ಮೇಷ್ಟರು ಕನ್ನಡಕ ಹಾಕಿಕೊಂಡರು. “ನಿಮ್ಮ ವಾದದಲ್ಲಿ ಏನೋ ತಪ್ಪಿದೆ ಯಜಮಾನ್ರೇ. ಆದರೆ ಎಲ್ಲಿ ಅಂತ ಸಿಕ್ತಾ ಇಲ್ಲ” ಎಂದು ಸ್ಕೋರ್ ನೋಡಲು ತಿರುಗಿದರು. ಮೂವತ್ತು ವರ್ಷ ಪಾಠ ಮಾಡಿದ ಅವರು ಹಾಗೆ ಒಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಇಲ್ಲಿಯವರೆಗೆ ತಮಾಷೆ. ಇಲ್ಲಿಂದ ಮುಂದೆ ಅತ್ತೆ.

ಅತ್ತೆ ಮದುವೆಯಾದಾಗಿನಿಂದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದರು. ಅಲ್ಲಿಯ ಅಡುಗೆಮನೆ ಎಂದರೆ, ದೋಸೆ ಹುಯ್ದರೆ ಮಗುಚಲು ಹೊರಗೆ ಬರಬೇಕು. ಕಿಟಕಿ ಇಲ್ಲ. ಹೊಗೆ ಹೋಗಲು ಗೋಡೆಯಲ್ಲಿ ಒಂದು ಇಟ್ಟಿಗೆ ತೆಗೆದಿದ್ದರು, ಅಷ್ಟೇ. ಅವರಿಬ್ಬರೂ ವರ್ಷಗಟ್ಟಲೆ ಕೂಡಿಸಿ ನಂಜನಗೂಡಿನಲ್ಲಿ ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಒಂದು ಸೈಟು ತೆಗೆದಿದ್ದರು. ಬೇಲಿ, ಪಾರ್ಥೇನಿಯಂ ಗಿಡ, ಒಂದು ಬೇವಿನ ಮರ. ಆ ಗಿಡಗಳ ನಡುವೆ ಅತ್ತೆ ನಾಲ್ಕು ಇಟ್ಟಿಗೆಯಿಂದ ನಾಲ್ಕು ಮೂಲೆ ಗುರುತು ಮಾಡಿದ್ದರು. ಅದು ಅಡುಗೆಮನೆ. ಭಾನುವಾರ ಬಂದಾಗಲೆಲ್ಲ ಹೋಗಿ ಆ ನಾಲ್ಕು ಇಟ್ಟಿಗೆಯ ನಡುವೆ ಪೂರ್ವಕ್ಕೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದರು. ಪೂರ್ವಕ್ಕೆ ಕಿಟಕಿ. ನಾನು ಅದನ್ನೂ ಅನುಕರಿಸಿ ತೋರಿಸಿದ್ದೆ, ಗಾಳಿಯಲ್ಲಿ ಕಿಟಕಿ ತೆರೆದು ಕಾಣದ ಕೈಯಿಂದ ಕಾಣದ ಸಾರಿಗೆ ಒಗ್ಗರಣೆ ಹಾಕಿ. ಎಲ್ಲರೂ ನಕ್ಕಿದ್ದರು. ಅತ್ತೆಯೂ ನಕ್ಕು, “ಉಪ್ಪು ಹಾಕ್ಲಿಲ್ವಲ್ಲೋ” ಎಂದಿದ್ದರು.

ಆ ಹೊತ್ತಿಗೆ ಸಾಮಾನ್ಯರೂ ಹೊರದೇಶಕ್ಕೆ ಒಂದಿಷ್ಟು ದುಡ್ಡು ಕಳಿಸಿ ಷೇರು ಕೊಳ್ಳಬಹುದು ಎಂದು ಸರ್ಕಾರ ಹೊಸದಾಗಿ ಬಿಟ್ಟಿತು. ಮಾವನಿಗೆ ಇದನ್ನು ಓದಿ ಹೇಳಿದವನು ಯಾರು? ಇದೇ ಗಂಟಲು. ಮುಂದಿನ ಭಾನುವಾರ ಮಾವ ಬಂದು, “ಸೈಟು ಮಾರ್ತೀನಿ” ಎಂದ. ತಾಂಡವಪುರದ ಕಡೆಯ ಗಿರಾಕಿ ಸಿಕ್ಕಿದ್ದ, ಮುಂಗಡವೂ ಕೊಟ್ಟಿದ್ದ. ಪೂರ್ತಿ ದುಡ್ಡು ಬೊಂಬೆ ಕಂಪನಿಗೆ. ಇಪ್ಪತ್ತು ವರ್ಷ ಮುಟ್ಟುವ ಹಾಗಿಲ್ಲ.

“ಮಾವ, ಅತ್ತೆಗೆ ಹೇಳಿದ್ಯಾ?”

“ಏಳ್ದೆ.”

“ಏನಂದ್ರು?”

“ಏನೂ ಅನ್ನಿಲ್ಲ. ಅದೇ ಸಂಕಟ.”

ಬ್ಯಾಂಕಿಗೆ ನಾನೂ ಜೊತೆಗೆ ಹೋದೆ. ಮ್ಯಾನೇಜರು ಒಳ್ಳೆಯವರು. ಹೊರದೇಶಕ್ಕೆ ಎಂದ ಕೂಡಲೇ, “ಅಲ್ಲಿ ಮಗ ಓದ್ತಿದಾನಾ?” ಎಂದರು. ಇಲ್ಲ ಸಾ. “ಹಾಗಾದ್ರೆ ಯಾರಿಗಾದ್ರೂ ಆಪರೇಷನ್ನಾ?” ಇಲ್ಲ ಸಾ, ಬೊಂಬೆ. ಮ್ಯಾನೇಜರು ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅಷ್ಟರಲ್ಲಿ ಮಾವ ಅವರ ಮೇಜಿನ ಮೇಲಿನ ಕಂಪ್ಯೂಟರನ್ನು ಮುಟ್ಟಿ, “ಸಾ, ಇದು ತಣ್ಣಗದೆಯಲ್ಲ” ಎಂದು ಅನುಮಾನಪಟ್ಟ. “ಕರೆಂಟಿಲ್ಲ ಕಣ್ರೀ” ಎಂದರು ಮ್ಯಾನೇಜರು. ಕೊನೆಗೆ, ಮೈಸೂರಿನ ಮುಖ್ಯ ಶಾಖೆಗೆ ಕಳಿಸಿ ಕೇಳುತ್ತೇವೆ, ಅಲ್ಲಿಂದ ಫೋನ್ ಬರುತ್ತದೆ ಎಂದು ಅರ್ಜಿ ಇಟ್ಟುಕೊಂಡರು. ಫೋನ್ ನಂಬರ್ ಎಂಬ ಜಾಗದಲ್ಲಿ ಮಾವ ನನ್ನ ಸೆಂಟರಿನ ನಂಬರನ್ನೇ ಬರೆಸಿದ.

ಸೋಮವಾರ ಸೈಟು ರಿಜಿಸ್ಟ್ರಿ. ಹಿಂದಿನ ದಿನ, ಭಾನುವಾರ, ಅತ್ತೆ ಬಂದವರು ಸೈಟಿಗೆ ಹೋಗಲಿಲ್ಲ. ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನು ಸೆಂಟರಿಗೆ ಹೊರಟವನು ಏನಾದರೂ ತಮಾಷೆ ಮಾಡೋಣವೆಂದು ಬಾಯಿ ತೆರೆದೆ. ಅವರು ತಲೆ ಎತ್ತದೆ, “ಆ ಇಟ್ಟಿಗೆ ನಾಲ್ಕೂ ಎತ್ಕೊಂಡು ಬಂದ್ಬಿಡೋ. ಬೇರೆಯವರ ಜಾಗದಲ್ಲಿ ಯಾಕೆ” ಎಂದರು.

ನನ್ನ ಬಾಯಿಂದ ಏನೂ ಹೊರಡಲಿಲ್ಲ. ಯಾರ ಧ್ವನಿಯಲ್ಲೂ ಹೊರಡಲಿಲ್ಲ.

ಸೆಂಟರಿನಲ್ಲಿ ಮಾವ ನನಗಿಂತ ಮುಂಚೆ ಬಂದು ಫೋನಿನ ಪಕ್ಕದಲ್ಲೇ ಕೂತಿದ್ದ. “ಯು.ಪಿ.ಎಸ್. ಬ್ಯಾಟರಿ ನೋಡ್ಬೇಕು ಮಾವ” ಎಂದು ನಾನು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಜೇಬಿನಲ್ಲಿ ಹೊಸದಾಗಿ ಕೊಂಡ ಹಳೆಯ ಮೊಬೈಲಿತ್ತು. ಸೆಂಟರಿನ ನಂಬರ್ ಒತ್ತಿದೆ. ಹೊರಗೆ ಗಂಟೆ ಬಾರಿಸಿತು.

“ಅಲೋ?”

ಮೂಗಿನಿಂದ ಅರ್ಧ, ಎದೆಯಿಂದ ಅರ್ಧ ತೆಗೆದು ಒಬ್ಬ ದಪ್ಪ ಅಧಿಕಾರಿಯನ್ನು ತಯಾರಿಸಿದೆ. “ಮೈಸೂರು ಮುಖ್ಯ ಶಾಖೆ, ಫಾರಿನ್ ವಿಭಾಗದಿಂದ ಮಾತಾಡ್ತಿರೋದು. ನಿಮ್ಮ ಅರ್ಜಿ ಪರಿಶೀಲನೆ ಆಗಿದೆ. ಆದರೆ ಒಂದು ನಿಯಮ ಅಡ್ಡ ಬರ್ತಿದೆ.”

“ಏಳಿ ಸಾ.”

ನಿಯಮ ಏನೆಂದು ನಾನು ಇನ್ನೂ ಯೋಚಿಸಿರಲಿಲ್ಲ. ಬೆವರು ಕಿವಿಯ ಹಿಂದೆ ಇಳಿಯಿತು. “ನಿಮಗೆ… ನಿಮಗೆ ಸ್ವಂತ ಮನೆ ಇದೆಯಾ?”

“ಇಲ್ಲ ಸಾ. ಸೈಟದೆ.”

“ಸೈಟ್ ನಡೆಯಲ್ಲ. ಸ್ವಂತ ಮನೆ ಇಲ್ಲದವರು ಹೊರದೇಶದ ಷೇರು ತಗೊಳ್ಳೋ ಹಾಗಿಲ್ಲ. ಮೊದಲು ಮನೆ ಕಟ್ಟಿ, ಆಮೇಲೆ ಅರ್ಜಿ ಹಾಕಿ.”

ಆ ಕಡೆ ಕುರ್ಚಿ ಎಳೆದ ಸದ್ದು. ಆಮೇಲೆ ಮಾವ ಕೇಳಿದ, “ಮನೆ ಎಷ್ಟು ದೊಡ್ಡದಿರ್ಬೇಕು ಸಾ?”

“ದೊಡ್ಡದೇ ಇರಬೇಕಂತಿಲ್ಲ. ಅಡುಗೆಮನೆಗೆ ಕಿಟಕಿ ಇರಬೇಕು.”

ಬಾಯಿಂದ ಬಂದುಬಿಟ್ಟಿತು. ಹಿಂದೆ ತೆಗೆದುಕೊಳ್ಳುವುದು ಹೇಗೆ?

“ಯಾವ ದಿಕ್ಕಿಗೆ ಸಾ?”

“ಪೂರ್ವಕ್ಕೆ.”

“ನಿಯಮದಲ್ಲೇ ಅದೆಯಾ ಸಾ?”

“ಇದೆ. ಹೊಸ ಸುತ್ತೋಲೆ.”

ಆಮೇಲೆ ಮಾವ ಒಂದೊಂದೇ ಕೇಳುತ್ತ ಹೋದ. ಕಿಟಕಿ ಎಷ್ಟು ಅಗಲ, ಕಲ್ಲು ಕಡಪವೋ ಗ್ರಾನೈಟೋ, ನಲ್ಲಿ ಒಳಗೋ ಹೊರಗೋ. ನಾನು ಹಿಡಿದ ಪಾತ್ರ ಬಿಡಲಾಗದೆ ಎಲ್ಲದಕ್ಕೂ ಸುತ್ತೋಲೆಯಿಂದಲೇ ಉತ್ತರ ಕೊಟ್ಟೆ. ಹನ್ನೆರಡು ನಿಮಿಷ. ಕೊನೆಗೆ ಮಾವ, “ಆಗ್ಲಿ ಸಾ. ನಿಯಮ ಅಂದ್ಮೇಲೆ ಮೀರಾಕಾಯ್ತದಾ” ಎಂದು ಫೋನಿಟ್ಟ.

ನಾನು ಮುಖ ಒರೆಸಿಕೊಂಡು, ಬ್ಯಾಟರಿಯನ್ನು ಬೈಯುತ್ತ ಹೊರಗೆ ಬಂದೆ. “ಗಂಟೆ ಎಷ್ಟ್ಲಾ?” ಎಂದು ಮಾವ ನನ್ನ ಕೈಯಿಂದ ಮೊಬೈಲು ತೆಗೆದುಕೊಂಡ. ನೋಡಿದ. ವಾಪಸು ಕೊಡುವಾಗ ನನ್ನ ಕೈಯನ್ನು ಒಂದು ಕ್ಷಣ ಹಿಡಿದುಕೊಂಡೇ ಇದ್ದ. ಆಮೇಲೆ, “ಬ್ಯಾಂಕ್‌ನೋರು ಒಪ್ಲಿಲ್ಲ ಕಣ್ಲಾ. ಮನೆ ಕಟ್ಬೇಕಂತೆ” ಎಂದು ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೋದ. ಗಿರಾಕಿಗೆ ಮುಂಗಡ ವಾಪಸಾಯಿತು. ಅರ್ಜಿಯನ್ನೂ ಅವನೇ ಹೋಗಿ ಹಿಂದಕ್ಕೆ ಪಡೆದ. ಭಾನುವಾರ ಬ್ಯಾಂಕಿಗೆ ರಜೆ ಎಂಬುದು ನನಗೆ ಹೊಳೆದದ್ದು ಮಧ್ಯಾಹ್ನ, ಊಟದ ಎಲೆಯ ಮುಂದೆ. ಕಲೆಸಿದ ಅನ್ನವನ್ನೇ ಮತ್ತೆ ಕಲೆಸಿದೆ. ಆದರೆ ಮಾವ ಎರಡನೇ ಸಲ ಅವರೆಕಾಳಿನ ಸಾರು ಕೇಳಿ ಹಾಕಿಸಿಕೊಂಡು ಊಟ ಮಾಡುತ್ತಿದ್ದ. ದೇವರು ದೊಡ್ಡವನು, ಮಾವ ಮುಗ್ಧ, ಎಂದು ಸಮಾಧಾನ ಮಾಡಿಕೊಂಡೆ.

ಕಾರ್ಖಾನೆಯ ಸಾಲದಲ್ಲಿ ಮನೆ ಎದ್ದಿತು. ಸಣ್ಣದು. ಅಡುಗೆಮನೆ ನಾಲ್ಕು ಇಟ್ಟಿಗೆ ಇದ್ದಲ್ಲಿಯೇ. ಪೂರ್ವಕ್ಕೆ ಕಿಟಕಿ, ಕಡಪ ಕಲ್ಲು, ನಲ್ಲಿ ಒಳಗೆ, ಎಲ್ಲವೂ ಸುತ್ತೋಲೆಯ ಪ್ರಕಾರ.

ಮಾವನ ಭಾನುವಾರ ಮಾತ್ರ ನಿಲ್ಲಲಿಲ್ಲ. ಬರುತ್ತಿದ್ದ, “ನಮ್ಮ ಬೊಂಬೆ ಎಲ್ಲಿಗೆ ಬಂತು?” ಎನ್ನುತ್ತಿದ್ದ. ಒಂದೇ ಒಂದು ಷೇರಿಲ್ಲದ ಕಂಪನಿ ‘ನಮ್ಮ ಬೊಂಬೆ’! ನಾನು ನೋಡಿ ಹೇಳಬೇಕು. ಮುಂದಿನ ವರ್ಷಗಳಲ್ಲಿ ಅದು ಏರಿತು ನೋಡಿ, ಬೇಸಿಗೆಯಲ್ಲಿ ಬಾಯ್ಲರ್ ಪಕ್ಕದ ಮೀಟರಿನ ಹಾಗೆ ಏರಿತು. ಒಂದೊಂದು ಭಾನುವಾರ ಹೇಳುವಾಗಲೂ ನನ್ನ ಗಂಟಲು ಸಣ್ಣದಾಗುತ್ತ ಹೋಯಿತು. ಕೆಲವು ಸಲ ಕಡಿಮೆ ಮಾಡಿ ಹೇಳಿದೆ. ಮಾವ ಕೇಳಿ ತೃಪ್ತಿಯಿಂದ ತಲೆಯಾಡಿಸಿ ಮನೆಗೆ ಹೋಗುತ್ತಿದ್ದ. ಮೇಷ್ಟರು ಒಮ್ಮೆ ಪರದೆಗೆ ಬಗ್ಗಿ ನೋಡಿ, ಏನೂ ಹೇಳದೆ ಕನ್ನಡಕ ಒರೆಸಿದರು. ತಪ್ಪೊಪ್ಪಿಕೊಳ್ಳುವ ಧೈರ್ಯ ನನಗೆ ಬರಲಿಲ್ಲ. ಅಷ್ಟು ದುಡ್ಡನ್ನು ಸುತ್ತೋಲೆ ಓದಿ ಕಳೆದವನು ಯಾವ ಬಾಯಿಂದ ಹೇಳಬೇಕು?

ಆಮೇಲೆ ಜಗತ್ತಿನ ಮಾರುಕಟ್ಟೆಯೆಲ್ಲ ಒಟ್ಟಿಗೆ ಕುಸಿದ ವರ್ಷ ಬಂತು. ನಮ್ಮ ಬೊಂಬೆಯೂ ಬಿತ್ತು, ಚೆನ್ನಾಗಿಯೇ ಬಿತ್ತು. ನನಗೆ ಆದ ಸಂತೋಷಕ್ಕೆ ಕ್ಷಮೆ ಇರಲಿ. ಪ್ರಾಮಾಣಿಕತೆ ಬರುವುದಕ್ಕೂ ಅನುಕೂಲವಾದ ಸಮಯ ಎಂಬುದಿರುತ್ತದೆ. ಪ್ರಿಂಟ್ ತೆಗೆದುಕೊಂಡು ಮಾವನ ಮನೆಗೆ ಓಡಿದೆ.

ಮಾವ ಅಡುಗೆಮನೆಯ ಹೊರಗಿನ ಜಗಲಿಯ ಮೇಲೆ ಕೂತು ತಗಡಿನ ಡಬ್ಬ ತೆರೆದುಕೊಂಡಿದ್ದ. ಪೂರ್ವದ ಕಿಟಕಿಯ ಒಳಗೆ ಅತ್ತೆ ಕಾಫಿಗೆ ಹಾಲು ಕಾಯಿಸುತ್ತಿದ್ದರು. ನಾನು ಪ್ರಿಂಟನ್ನು ಅವನ ತೊಡೆಯ ಮೇಲಿಟ್ಟು, ಎದೆ ಸೆಟೆಸಿ, “ಮಾವ, ಆವತ್ತು ಫೋನ್ ಮಾಡಿದ್ದು ಬ್ಯಾಂಕಿನವರಲ್ಲ. ನಾನು. ನಾನು ತಡೀದೇ ಇದ್ರೆ ಇವತ್ತು ಸೈಟೂ ಇರ್ತಿರ್ಲಿಲ್ಲ, ದುಡ್ಡೂ ಇರ್ತಿರ್ಲಿಲ್ಲ. ನಿನ್ನನ್ನ ಉಳಿಸ್ದೋನು ನಾನು” ಎಂದೆ.

ಮಾವ ಪ್ರಿಂಟನ್ನು ನೋಡಿದ. ಮಡಿಸಿ ಡಬ್ಬದ ಕೆಳಗಿಟ್ಟ. “ಬಿದ್ದದೆ, ಸರಿ. ಚಿಪ್ಪು ತಣ್ಣಗಾಗಿದೆಯಾ?”

“ಇಲ್ಲ. ಹೊಸ ಕಾರ್ಡು ಇನ್ನೂ ಬಿಸಿ. ಎರಡು ಫ್ಯಾನು ಹಾಕಿದಾರೆ.”

“ಅಂಗಾದ್ರೆ ಮತ್ತೆ ಏಳ್ತದೆ. ನೀನು ನನ್ನನ್ನ ಉಳಿಸ್ಲಿಲ್ಲ ಅಳಿಯ, ಕಳೆದೆ. ಬ್ಯಾಂಕ್‌ನೋನು ಯಾರು ಅಂತ ನನಗೆ ಆವತ್ತೇ ಗೊತ್ತಿತ್ತು. ಒಳಗಿಂದ ಬಂದೆಯಲ್ಲ, ಆ ಫೋನು ಬೇಯೋ ಗೂಡಿನಂಗೆ ಸುಡ್ತಿತ್ತು.”

ಕಿಟಕಿಯೊಳಗೆ ಲೋಟದ ಸದ್ದು ನಿಂತಿತು. ನನ್ನ ಸೆಟೆದ ಎದೆ ಎಲ್ಲಿ ಹೋಯಿತೋ. “ಗೊತ್ತಿದ್ದೂ ಯಾಕೆ ಸುಮ್ನಾದೆ ಮಾವ?”

ಮಾವ ಡಬ್ಬದ ಮುಚ್ಚಳ ಹಾಕಿ, ಕಿಟಕಿಯ ಕಡೆ ಒಮ್ಮೆ ನೋಡಿ, ಹೇಳಿದ:

“ಫೋನು ಸುಡ್ತಿತ್ತು, ನಿನ್ನ ಕೈ ಐಸಾಗಿತ್ತು ಕಣ್ಲಾ. ನಿಮ್ಮತ್ತೆ ಕಿಟಕಿಗೋಸ್ಕರ ಅಷ್ಟು ಎದರ್ಕಂಡವನ್ನ ಯಾವ ಬೊಂಬೆಗೆ ಅಂತ ಮಾರ್ಕಳ್ಳಿ? ಗಾಡಿ ತಣ್ಣಗದೆ ಅಂತ ನಿಮ್ಮಕ್ಕನ್ನ ಕೊಡಿಸ್ದೆ, ಕೈ ತಣ್ಣಗದೆ ಅಂತ ಮನೆ ಕಟ್ಟಿಸ್ದೆ. ಅವೆರಡು ಬುಟ್ರೆ ತಣ್ಣಗಿರೋದನ್ನ ನಾನು ಯಾವತ್ತೂ ನಂಬಿಲ್ಲ. ಓಗು, ಕಾಫಿ ಈಸ್ಕಂಡು ಬಾ, ಆರೋಯ್ತದೆ.”